ನಾಲ್ಕು ಚಕ್ರಗಳ ಚಾಲನೆಯೂ ಹಿಮದ ಹಾದಿಯೂ

ಪ್ರತಿ ವರ್ಷ ಅಕ್ಟೋಬರ್ ತಿಂಗಳು ಬಂದಿತೆಂದರೆ ಹೊರದೇಶಗಳಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ನಮಗೆ ಕೆಲವು ಕಾಗದಗಳು ಬರುತ್ತವೆ. ಕಾಗದಗಳೆಂದು ರೂಢಿಯಿಂದ ಹೇಳಿದೆವು. ಈಗ ಅವು ಫೋನಿನ ತೆರೆಯ ಮೇಲೆ ಮೂಡುವ ನಾಲ್ಕಾರು ಸಾಲುಗಳು ಮಾತ್ರ. ಕೆಲವು ವರ್ಷಗಳ ಹಿಂದೆ ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ಎಂಬ ಊರಿನಿಂದ ಒಬ್ಬನು ಹೀಗೆ ಬರೆದಿದ್ದನು: ಹಳೆಯದೊಂದು ಕಾರನ್ನು ಕೊಂಡಿದ್ದೇನೆ, ಅದು ಆಲ್-ವೀಲ್-ಡ್ರೈವ್, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುತ್ತದೆ, ಆದುದರಿಂದ ಚಳಿಗಾಲಕ್ಕೆ ಬೇರೆ ಟೈರುಗಳ ಖರ್ಚು ನನಗಿಲ್ಲ. ಈ ಹುಡುಗನು ನಮ್ಮ ತರಗತಿಯಲ್ಲಿ ಘರ್ಷಣೆಯ ಅಧ್ಯಾಯದ ಲೆಕ್ಕಗಳನ್ನು ತಪ್ಪಿಲ್ಲದೆ ಬಿಡಿಸಿದವನು. ನಾವೂ ಆಗ ಅವನ ವಾಕ್ಯವನ್ನು ಓದಿ ಸಂತೋಷದಿಂದ ತಲೆಯಾಡಿಸಿದೆವೇ ಹೊರತು ಅದರಲ್ಲಿರುವ ತಪ್ಪನ್ನು ಕಾಣಲಿಲ್ಲ. ಈ ಲೇಖನವನ್ನು ಬರೆಯಲು ಅದೇ ಮುಖ್ಯ ಕಾರಣ.

ಡುಲೂತ್ ನಗರವು ಸುಪೀರಿಯರ್ ಸರೋವರದ ತುದಿಯಲ್ಲಿ, ಗುಡ್ಡದ ಮೈಮೇಲೆ ಹಬ್ಬಿದೆ. ಅಲ್ಲಿನ ಅನೇಕ ಬೀದಿಗಳು ಮೇಲಿನಿಂದ ಸರೋವರದ ಕಡೆಗೆ ನೇರವಾಗಿ ಇಳಿಯುತ್ತವೆ. ಜನವರಿಯ ರಾತ್ರಿಗಳಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಅಲ್ಲಿ ಅಪರೂಪವಲ್ಲ. ನಮ್ಮ ವಿದ್ಯಾರ್ಥಿಯ ಕಾರು ನವೆಂಬರ್, ಡಿಸೆಂಬರುಗಳಲ್ಲಿ ಹಿಮ ತುಂಬಿದ ಏರುಗಳನ್ನು ಆಟದಂತೆ ಹತ್ತಿತು. ಜನವರಿಯ ಒಂದು ಬೆಳಗ್ಗೆ ಅದೇ ಕಾರು ಅಂಥದೊಂದು ಬೀದಿಯಲ್ಲಿ ಇಳಿಯುತ್ತಿದ್ದಾಗ ಕೆಂಪು ದೀಪದ ಮುಂದೆ ನಿಲ್ಲಲಿಲ್ಲ. ಅಡ್ಡರಸ್ತೆಯನ್ನು ದಾಟಿಕೊಂಡು ಹೋಗಿ ಆಚೆಯ ಹಿಮದ ರಾಶಿಯಲ್ಲಿ ಮೂತಿ ಹೂತು ನಿಂತಿತು. ಆ ಕ್ಷಣದಲ್ಲಿ ಅಡ್ಡರಸ್ತೆಯಲ್ಲಿ ಬೇರೆ ವಾಹನವಿರಲಿಲ್ಲ. ಅದೊಂದೇ ಕಾರಣದಿಂದ ಅವನು ನಮಗೆ ಆ ಸಂಗತಿಯನ್ನು ಬರೆಯಲು ಉಳಿದನು.

ಇಲ್ಲಿ ತಪ್ಪಿದುದೇನು? ಯಂತ್ರವು ತಪ್ಪಲಿಲ್ಲ. ಬ್ರೇಕುಗಳೂ ಸರಿಯಾಗಿದ್ದವು. ತಪ್ಪಿದುದು ತರ್ಕ. ಕಾರಿನ ಚಕ್ರಗಳು ಮಾಡತಕ್ಕ ಕೆಲಸಗಳು ಮೂರು: ಹೊರಡಿಸುವುದು, ತಿರುಗಿಸುವುದು, ನಿಲ್ಲಿಸುವುದು. ನಾಲ್ಕು ಚಕ್ರಗಳ ಚಾಲನೆಯು ಮುಖ್ಯವಾಗಿ ಮೊದಲನೆಯ ಕೆಲಸಕ್ಕೆ ನೆರವಾಗುತ್ತದೆ. ಅದನ್ನು ಮೂರಕ್ಕೂ ವಿಸ್ತರಿಸಿಕೊಂಡದ್ದೇ ಪ್ರಮಾದ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ರಸ್ತೆಯು ಒಂದು ಚಕ್ರದ ಮೇಲೆ ಹೂಡಬಲ್ಲ ಗರಿಷ್ಠ ಬಲವು ಆ ಚಕ್ರ ಹೊತ್ತ ಭಾರವನ್ನು ಘರ್ಷಣ ಗುಣಾಂಕದಿಂದ ಗುಣಿಸಿದಷ್ಟು. ಮುಂಚಕ್ರಗಳಿಂದ ಮಾತ್ರ ನಡೆಯುವ ಸಾಮಾನ್ಯ ಕಾರಿನಲ್ಲಿ ಆ ಎರಡು ಚಕ್ರಗಳ ಮೇಲೆ ಒಟ್ಟು ಭಾರದ ಸುಮಾರು ನೂರಕ್ಕೆ 60 ಭಾಗವಿರುತ್ತದೆ. ಉಳಿದ 40 ಭಾಗವು ಹೊರಡುವ ಕೆಲಸಕ್ಕೆ ಒದಗುವುದಿಲ್ಲ. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟರೆ ಭಾರವೆಲ್ಲವೂ ಕೆಲಸಕ್ಕೆ ಬರುತ್ತದೆ. ಹೀಗಾಗಿ ಜಾರುವ ನೆಲದಿಂದ ಹೊರಡುವಾಗಲೂ ಏರು ಹತ್ತುವಾಗಲೂ ಇಂಥ ಕಾರಿಗೆ ನಿಜವಾದ ಮೇಲುಗೈ ಇದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬ್ರೇಕಿನ ವಿಷಯಕ್ಕೆ ಬನ್ನಿ. ಅತ್ಯಂತ ಅಗ್ಗದ ಕಾರಿಗೂ ಬ್ರೇಕುಗಳು ನಾಲ್ಕು ಚಕ್ರಗಳಲ್ಲಿಯೂ ಇವೆ! ನಿಲ್ಲುವಾಗ ಎಲ್ಲ ಕಾರುಗಳೂ ನಾಲ್ಕು ಚಕ್ರಗಳ ಕಾರುಗಳೇ. ಅಲ್ಲಿ ಹೆಚ್ಚಿನ ಬೆಲೆ ಕೊಟ್ಟವನಿಗೆ ಹೆಚ್ಚಿನ ಫಲವಿಲ್ಲ.

ನಿಲ್ಲಲು ಬೇಕಾಗುವ ದೂರವೆಷ್ಟು? ವೇಗದ ವರ್ಗವನ್ನು ಘರ್ಷಣ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಅದು ದೊರೆಯುತ್ತದೆ. ಒಣಗಿದ ಡಾಂಬರಿನ ಮೇಲೆ ಗುಣಾಂಕವನ್ನು 0.7 ಎಂದು ಹಿಡಿದರೆ, ಗಂಟೆಗೆ 50 ಕಿ.ಮೀ. ವೇಗದ ಕಾರು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಗುಣಾಂಕ 0.2ಕ್ಕೆ ಇಳಿದಾಗ ಅದೇ ದೂರವು 49 ಮೀಟರ್. ನೀರಾಡುವ ಮಂಜುಗಡ್ಡೆಯ ಮೇಲೆ ಗುಣಾಂಕ 0.1 ಆದರೆ 98 ಮೀಟರ್. ಚಾಲಕನು ಅಪಾಯವನ್ನು ಕಂಡು ಕಾಲನ್ನು ಬ್ರೇಕಿನ ಮೇಲೆ ಇಡುವುದಕ್ಕೆ ಹಿಡಿಯುವ ಕಾಲವನ್ನು ಇಲ್ಲಿ ಸೇರಿಸಿಲ್ಲ. ಈ ಲೆಕ್ಕದಲ್ಲಿ ಎಂಜಿನ್ ಎಲ್ಲಿದೆ, ಶಕ್ತಿ ಎಷ್ಟು ಚಕ್ರಗಳಿಗೆ ಹೋಗುತ್ತದೆ ಎಂಬುದಕ್ಕೆ ಜಾಗವೇ ಇಲ್ಲವೆಂಬುದನ್ನು ತರುಣ ವಾಚಕರು ಗಮನಿಸಬೇಕು. ಭಾರಕ್ಕೂ ಜಾಗವಿಲ್ಲ; ದೊಡ್ಡ ಗಾಡಿ ಬೇಗ ನಿಲ್ಲುತ್ತದೆಂಬ ನಂಬಿಕೆಯೂ ಇದರೊಂದಿಗೇ ಬಿದ್ದುಹೋಗುತ್ತದೆ.

ಇಳಿಜಾರಿನಲ್ಲಿ ಪರಿಸ್ಥಿತಿ ಇನ್ನೂ ವಿಷಮ. ನೂರಕ್ಕೆ ಹತ್ತರಷ್ಟು ಇಳಿಯುವ ಬೀದಿಯಲ್ಲಿ ಗುರುತ್ವವು ಸುಮಾರು 0.1ರಷ್ಟನ್ನು ನಮ್ಮ ಗುಣಾಂಕದಿಂದ ಕಸಿದುಕೊಳ್ಳುತ್ತದೆ. ಒಣ ರಸ್ತೆಯಲ್ಲಿ 0.7ರಿಂದ 0.1 ಹೋದರೆ ನಷ್ಟವೇ ತೋರುವುದಿಲ್ಲ. 30 ಕಿ.ಮೀ. ವೇಗದ ಕಾರು 6 ಮೀಟರಿನಲ್ಲಿ ನಿಂತುಬಿಡುತ್ತದೆ. ಹಿಮದ ಮೇಲೆ 0.2ರಿಂದ 0.1 ಹೋದರೆ ಉಳಿಯುವುದು ಅರ್ಧ. ಆಗ 35 ಮೀಟರ್ ಬೇಕು. ಗುಣಾಂಕವೇ 0.1 ಆಗಿದ್ದರೆ ಉಳಿಯುವುದು ಸೊನ್ನೆ, ಅಂದರೆ ಕಾರು ನಿಲ್ಲುವುದೇ ಇಲ್ಲ. ನಮ್ಮ ವಿದ್ಯಾರ್ಥಿಯು ಕೆಂಪು ದೀಪಕ್ಕೆ ಇಪ್ಪತ್ತು ಮೀಟರ್ ಇರುವಾಗ ಬ್ರೇಕು ಒತ್ತಿದನಂತೆ. ಅವನಿಗೆ ಆದದ್ದು ದುರದೃಷ್ಟವಲ್ಲ, ಭಾಗಾಕಾರ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿಯಿದೆ. ಎರಡು ಚಕ್ರಗಳ ಚಾಲನೆಯ ಕಾರು ಹಿಮದ ಮೇಲೆ ಹೊರಡುವಾಗ ಚಕ್ರಗಳು ಒಮ್ಮೆ ಬರಿದೆ ಸುತ್ತುತ್ತವೆ, ಕಾರು ಮುಗ್ಗರಿಸುತ್ತದೆ. ಅದು ಚಾಲಕನಿಗೆ ನೆಲವೇ ಬಾರಿಸುವ ಎಚ್ಚರಿಕೆಯ ಗಂಟೆ: ಈ ದಿನ ಹಾದಿ ಜಾರುತ್ತಿದೆ. ನಾಲ್ಕು ಚಕ್ರಗಳ ಕಾರು ಏನೂ ಆಗಿಲ್ಲವೆಂಬಂತೆ ಹೊರಟುಬಿಡುತ್ತದೆ. ಗಂಟೆ ಮೊಳಗುವುದಿಲ್ಲ. ನೆಲದ ನಿಜವಾದ ಸ್ಥಿತಿ ಚಾಲಕನಿಗೆ ತಿಳಿಯುವುದು ಮೊದಲನೆಯ ಬ್ರೇಕಿನಲ್ಲಿ, ಅಷ್ಟರಲ್ಲಿ ವೇಗವು ಆಗಲೇ ಏರಿರುತ್ತದೆ. ಆದುದರಿಂದ ಇಂಥ ಕಾರಿನವನಿಗೆ ಚಳಿಗಾಲದ ಸಿದ್ಧತೆ ಇತರರಿಗಿಂತ ಕಡಿಮೆಯಲ್ಲ, ಹೆಚ್ಚೇ ಬೇಕೆಂಬುದು ನಮ್ಮ ಅಭಿಪ್ರಾಯ.

ಜನರು ಇದಕ್ಕೆ ವಿರುದ್ಧವಾಗಿ ನಂಬಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಸಾಮಾನ್ಯ ರಸ್ತೆಗಾಗಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಆಲ್-ವೀಲ್-ಡ್ರೈವ್ ಕಾರು ಎನಿಸಿಕೊಂಡ ಇಂಗ್ಲೆಂಡಿನ ಜೆನ್‌ಸನ್ ಎಫ್‌ಎಫ್ 1966ರಲ್ಲಿ ಹೊರಬಂದಿತು. ಅದನ್ನು ರೂಪಿಸಿದವರು ಚಕ್ರಗಳು ಕಚ್ಚಿಕೊಳ್ಳದಂತೆ ಕಾಯುವ ಬ್ರೇಕನ್ನೂ ಜೊತೆಗೇ ಇಟ್ಟಿದ್ದರು. ಹೊರಡುವುದು ಬೇರೆ, ನಿಲ್ಲುವುದು ಬೇರೆ ಎಂಬ ವಿವೇಕ ಅವರಿಗಿತ್ತು. 1980ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಆಡಿ ಕ್ವಾಟ್ರೊ ಬಂದ ಮೇಲೆ ಈ ಚಾಲನೆಯು ಸಾಮಾನ್ಯರ ಆಸೆಯಾಯಿತು. 1986ರಲ್ಲಿ ಅದೇ ಸಂಸ್ಥೆಯ ಕಾರೊಂದು ಫಿನ್‌ಲೆಂಡಿನ ಕೈಪೊಲ ಎಂಬಲ್ಲಿ ಸ್ಕೀ ನೆಗೆತಕ್ಕೆಂದು ಕಟ್ಟಿದ ಹಿಮದ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಹತ್ತಿದ ಜಾಹೀರಾತು ಬಹಳ ಪ್ರಸಿದ್ಧ. ಆ ಇಳಿಜಾರಿನ ಕೋನ 37.5 ಡಿಗ್ರಿ. ವಾಚಕರು ತ್ರಿಕೋನಮಿತಿಯ ಕೋಷ್ಟಕವನ್ನು ತೆರೆದು ಈ ಕೋನದ ಟ್ಯಾಂಜೆಂಟ್ ನೋಡಲಿ: 0.77. ನಾಲ್ಕಲ್ಲ, ನಲವತ್ತು ಚಕ್ರಗಳಿಗೆ ಶಕ್ತಿ ಕೊಟ್ಟರೂ ಘರ್ಷಣ ಗುಣಾಂಕ 0.77ಕ್ಕಿಂತ ಕಡಿಮೆಯಿದ್ದರೆ ಯಾವ ಕಾರೂ ಆ ಇಳಿಜಾರಿನಲ್ಲಿ ನಿಲ್ಲಲಾರದು, ಹತ್ತುವ ಮಾತು ದೂರ ಉಳಿಯಿತು. ಬರಿಯ ರಬ್ಬರಿಗೆ ಹಿಮದ ಮೇಲೆ 0.3 ದೊರೆತರೆ ಅದೇ ಹೆಚ್ಚು. ಅಷ್ಟರಿಂದ ಹತ್ತಬಹುದಾದ ಕೋನ 17 ಡಿಗ್ರಿಯನ್ನು ಮೀರದು. ಹಾಗಾದರೆ ಹತ್ತಿಸಿದ್ದು ಯಾವುದು? ಆ ಕಾರಿನ ಟೈರುಗಳಿಗೆ ಮೊಳೆಗಳನ್ನು ಹಾಕಿದ್ದರು. ಅವು ಹಿಮವನ್ನು ಕಚ್ಚಿ ಹಿಡಿದವು. ನಾಲ್ಕು ಚಕ್ರಗಳ ಮಹಿಮೆಗೆಂದು ಮಾಡಿದ ಜಾಹೀರಾತು ಭೌತಶಾಸ್ತ್ರ ಬಲ್ಲವನಿಗೆ ಟೈರುಗಳ ಜಾಹೀರಾತಾಗಿ ಕಾಣುತ್ತದೆ!

ಮಂಜುಗಡ್ಡೆ ಏಕೆ ಜಾರುತ್ತದೆ? ಕಾರಿನ ಭಾರದ ಒತ್ತಡದಿಂದ ಅದು ಕರಗಿ ನೀರಾಗುತ್ತದೆಂದು ಅನೇಕ ಪುಸ್ತಕಗಳಲ್ಲಿ ಈಗಲೂ ಬರೆದಿರುತ್ತದೆ. ಈ ವಿವರಣೆಯನ್ನು ನಾವೂ ವಿದ್ಯಾರ್ಥಿಗಳಾಗಿದ್ದಾಗ ಬಾಯಿಪಾಠ ಮಾಡಿದವರೇ. ಒಂದು ವಾಯುಮಂಡಲದಷ್ಟು ಒತ್ತಡವು ಮಂಜುಗಡ್ಡೆಯ ಕರಗುವ ಬಿಂದುವನ್ನು ಕೇವಲ 0.0074 ಡಿಗ್ರಿ ಇಳಿಸುತ್ತದೆ. ಟೈರು ನೆಲದ ಮೇಲೆ ಹೇರುವ ಒತ್ತಡವು ಅದರೊಳಗಿನ ಗಾಳಿಯ ಒತ್ತಡಕ್ಕೆ ಹತ್ತಿರ, ಎರಡು ವಾಯುಮಂಡಲಗಳಿಗಿಂತ ತುಸು ಹೆಚ್ಚು. ಅದರಿಂದ ಆಗುವ ಇಳಿತವು ಒಂದು ಡಿಗ್ರಿಯ ನೂರರಲ್ಲಿ ಎರಡು ಭಾಗದ ಆಸುಪಾಸಿನದು. ಹತ್ತು ಡಿಗ್ರಿ ಕೆಳಗಿರುವ ಮಂಜುಗಡ್ಡೆಯನ್ನು ಇದು ಕರಗಿಸೀತೆ? ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದಂತಹ ತೆಳುವಾದ ಪದರವು ಸಹಜವಾಗಿಯೇ ಇರುತ್ತದೆಂದು ಫ್ಯಾರಡೆ 1850ರಷ್ಟು ಹಿಂದೆಯೇ ಸೂಚಿಸಿದ್ದನು. ಜಾರುವಾಗ ಘರ್ಷಣೆಯಿಂದ ಹುಟ್ಟುವ ಉಷ್ಣವು ಮೇಲ್ಮೈಯನ್ನು ಕರಗಿಸುತ್ತದೆಂದು ಬೌಡನ್ ಮತ್ತು ಹ್ಯೂಸ್ 1939ರಲ್ಲಿ ತೋರಿಸಿದರು. ಚಾಲಕನಿಗೆ ಇದರ ಫಲಿತಾಂಶ ವಿಚಿತ್ರವಾದುದು: ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಕೊರೆಯುವ ಚಳಿಗಿಂತ ಸೊನ್ನೆಯ ಸಮೀಪದ ಹಿತವಾದ ದಿನವೇ ಹೆಚ್ಚು ಅಪಾಯಕರ. ಬಿಸಿಲು ಬಂದಿತೆಂದು ಹಿಗ್ಗಿ ವೇಗ ಹೆಚ್ಚಿಸಿದವನು ಅತ್ಯಂತ ನುಣುಪಾದ ನೆಲದ ಮೇಲಿರುತ್ತಾನೆ.

ಇನ್ನು ಸಿದ್ಧತೆಯ ವಿಷಯ. ಅದರಲ್ಲಿ ಮುಕ್ಕಾಲು ಪಾಲು ಟೈರುಗಳದೇ. ರಬ್ಬರು ಚಳಿಯಲ್ಲಿ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ; ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳದೆ ಅವುಗಳ ಮೇಲೆ ತೇಲುತ್ತದೆ. ಚಳಿಗಾಲದ ಟೈರಿನ ಮಿಶ್ರಣವು ಕಡು ಚಳಿಯಲ್ಲಿಯೂ ಮೆತ್ತಗಿರುವಂತಹುದು. ಅದರ ಮೇಲ್ಮೈಯ ಗುಬಟುಗಳಲ್ಲಿ ಕತ್ತಿಯಿಂದ ಗೀರಿದಂತಹ ನೂರಾರು ಸಣ್ಣ ಸೀಳುಗಳಿರುತ್ತವೆ. ಅವುಗಳ ಅಂಚುಗಳು ಹಿಮವನ್ನು ಹಿಡಿಯುತ್ತವೆ. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟವೂ ಅದರೊಳಗೆ ಹಿಮದ ಹರಳೂ ಇರುವ ಚಿಹ್ನೆಯನ್ನು ಹುಡುಕಬೇಕು. ಹಿಮದ ಮೇಲೆ ಪರೀಕ್ಷೆಗೆ ಒಳಗಾದ ಟೈರೆಂದು ಅದರ ಅರ್ಥ. ‘ಎಂ’ ಮತ್ತು ‘ಎಸ್’ ಎಂಬ ಬರಿಯ ಅಕ್ಷರಗಳಿಗೆ ಅಂತಹ ಪರೀಕ್ಷೆಯ ಆಧಾರವಿಲ್ಲ. ಗೀರುಗಳ ಆಳವೂ ಮುಖ್ಯ. ಅನೇಕ ದೇಶಗಳ ಕಾನೂನು 1.6 ಮಿ.ಮೀ. ಆಳ ಸಾಕೆನ್ನುತ್ತದೆ, ಆಸ್ಟ್ರಿಯದಲ್ಲಾದರೋ 4 ಮಿ.ಮೀ.ಗಿಂತ ಸವೆದ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದೇ ಇಲ್ಲ. ನಮಗೆ ಆಸ್ಟ್ರಿಯದವರ ಮಾತೇ ಸರಿಯೆಂದು ತೋರುತ್ತದೆ.

ನಾಲ್ಕು ಚಕ್ರಗಳಿಗೂ ಒಂದೇ ಬಗೆಯ, ಒಂದೇ ಪ್ರಮಾಣದಲ್ಲಿ ಸವೆದ ಟೈರುಗಳಿರಬೇಕು. ದುಡ್ಡು ಉಳಿಸಲು ಎರಡನ್ನು ಮಾತ್ರ ಬದಲಾಯಿಸುವವರುಂಟು. ಮುಂದೆ ಹೊಸದು, ಹಿಂದೆ ಹಳೆಯದು ಇದ್ದರೆ ತಿರುವಿನಲ್ಲಿ ಹಿಂಭಾಗವು ಬೀಸಿಕೊಂಡು ಹೋಗಿ ಕಾರು ಬುಗುರಿಯಾದೀತು. ಈ ಬಗೆಯ ಕಾರಿಗೆ ಬೇರೊಂದು ತೊಂದರೆಯೂ ಇದೆ. ಒಂದು ಟೈರಿನ ಗೀರು 8 ಮಿ.ಮೀ., ಇನ್ನೊಂದರದು 4 ಮಿ.ಮೀ. ಎನ್ನಿ. ತ್ರಿಜ್ಯವು 33 ಸೆಂ.ಮೀ. ಇದ್ದರೆ ವ್ಯತ್ಯಾಸವು ನೂರಕ್ಕೆ 1.2ರಷ್ಟು. ಅಲ್ಪವೆಂದು ತೋರುತ್ತದೆ, ಅಲ್ಲವೆ? ಆದರೆ ಒಂದು ಕಿಲೋಮೀಟರಿಗೆ ಚಕ್ರವು ಸುಮಾರು 480 ಸುತ್ತು ಸುತ್ತುವುದರಿಂದ ಸಣ್ಣ ಚಕ್ರವು ಆರು ಸುತ್ತು ಹೆಚ್ಚು ಸುತ್ತಬೇಕಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಬೆಸೆದಿರುವ ನಡುವಣ ಯಂತ್ರವು ಈ ಜಗಳವನ್ನು ಪ್ರತಿ ಕಿಲೋಮೀಟರಿನಲ್ಲಿಯೂ ತೀರ್ಮಾನಿಸುತ್ತ ಕಾಯುತ್ತದೆ, ಸವೆಯುತ್ತದೆ. ಟೈರಿನಲ್ಲಿ ಉಳಿಸಿದ ಹಣ ಅಲ್ಲಿ ಹೋಗುತ್ತದೆ.

ಟೈರಿನ ಗಾಳಿಯ ಒತ್ತಡದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. 25 ಡಿಗ್ರಿಯಲ್ಲಿ ಚದರಂಗುಲಕ್ಕೆ 32 ಪೌಂಡು ತುಂಬಿದ ಟೈರು ಸೊನ್ನೆಗಿಂತ 15 ಡಿಗ್ರಿ ಕೆಳಗೆ ಎಷ್ಟು ತೋರಿಸೀತು? ಈ ಪ್ರಶ್ನೆಯನ್ನು ಕೊಟ್ಟಾಗ ತರಗತಿಯ ಅರ್ಧದಷ್ಟು ಜನ 32ನ್ನು ನೇರವಾಗಿ 258ರಿಂದ ಗುಣಿಸಿ 298ರಿಂದ ಭಾಗಿಸಿ 27.7 ಎನ್ನುತ್ತಾರೆ. ಮಾಪಕವು ತೋರಿಸುವುದು ಹೊರಗಿನ ಗಾಳಿಗಿಂತ ಹೆಚ್ಚಿರುವ ಒತ್ತಡವನ್ನು ಮಾತ್ರ ಎಂಬುದನ್ನು ಅವರು ಮರೆತಿರುತ್ತಾರೆ. ವಾಯುಮಂಡಲದ 14.7ನ್ನು ಕೂಡಿಸಿ, ಲೆಕ್ಕ ಮಾಡಿ, ಮತ್ತೆ ಕಳೆದರೆ ಬರುವ ಉತ್ತರ 25.7. ಆರು ಪೌಂಡಿಗಿಂತ ಹೆಚ್ಚು ಒತ್ತಡವು, ಒಂದು ಗುಳ್ಳೆಯಷ್ಟೂ ಗಾಳಿ ಸೋರದೆ, ಮಾಯವಾಗಿದೆ! ಚಳಿ ಹಿಡಿದ ಮೇಲೆ, ಕಾರು ಹೊರಡುವ ಮೊದಲು, ಒತ್ತಡವನ್ನು ಅಳೆದು ತುಂಬಬೇಕು.

ಮಿಕ್ಕವನ್ನು ಚುಟುಕಾಗಿ ಹೇಳುತ್ತೇವೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸೀಸ-ಆಮ್ಲದ ಬ್ಯಾಟರಿಯ ಸಾಮರ್ಥ್ಯವು ಅರ್ಧಕ್ಕೆ ಇಳಿಯಬಹುದು. ಅದೇ ಹೊತ್ತಿಗೆ ಎಂಜಿನ್ನಿನ ಎಣ್ಣೆ ಮಂದವಾಗಿ ಬ್ಯಾಟರಿಯಿಂದ ಹೆಚ್ಚಿನ ಕೆಲಸ ಕೇಳುತ್ತದೆ. ಹಳೆಯ ಬ್ಯಾಟರಿಯನ್ನು ಅಕ್ಟೋಬರಿನಲ್ಲಿಯೇ ಪರೀಕ್ಷೆ ಮಾಡಿಸುವುದು ಲೇಸು. ಎಂಜಿನ್ನನ್ನು ತಂಪಿಡುವ ನೀರಿಗೆ ಎಥಿಲೀನ್ ಗ್ಲೈಕಾಲನ್ನು ಅರ್ಧದಷ್ಟು ಬೆರೆಸಿದರೆ ಅದು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದು. ಹೆಚ್ಚು ಬೆರೆಸಿದಷ್ಟೂ ಹೆಚ್ಚು ರಕ್ಷಣೆಯೆಂದು ತಿಳಿಯಬಾರದು: ಶುದ್ಧ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಗಾಜನ್ನು ತೊಳೆಯುವ ದ್ರವವೂ ಹೆಪ್ಪುಗಟ್ಟದಂತಹುದಾಗಿರಬೇಕು. ಕಾರಿನಲ್ಲಿ ಕಂಬಳಿ, ಸಲಿಕೆ, ಸ್ವಲ್ಪ ಮರಳು ಇರಲಿ. ಹಿಮದಲ್ಲಿ ಸಿಕ್ಕಿಕೊಂಡಾಗ ಎಂಜಿನ್ ಓಡಿಸಿ ಬೆಚ್ಚಗೆ ಕುಳಿತುಕೊಳ್ಳುವ ಮೊದಲು ಹೊಗೆಕೊಳವೆಯ ಬಾಯಿಯ ಹಿಮವನ್ನು ತೆಗೆಯಲೇಬೇಕು. ಇಲ್ಲವಾದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಸೇರಿ, ಒಳಗಿದ್ದವರನ್ನು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಇದೊಂದನ್ನು ಮಾತ್ರ ಚುಟುಕಾಗಿ ಹೇಳಿದೆವೆಂದು ಹಗುರವಾಗಿ ತೆಗೆದುಕೊಳ್ಳಬಾರದು.

ಟೈರುಗಳ ಎರಡನೆಯ ಜೊತೆಗೆ ಬಡ ವಿದ್ಯಾರ್ಥಿಯು ಹಣವೆಲ್ಲಿ ತರಬೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯದೆ ಉಳಿದಿರುತ್ತದೆ. ಖರ್ಚು ಮೊದಲೇ ಬರುತ್ತದೆಯೇ ಹೊರತು ಎರಡರಷ್ಟಾಗುವುದಿಲ್ಲ. ಆಲ್-ವೀಲ್-ಡ್ರೈವಿಗೆಂದು ಹೆಚ್ಚಿನ ಬೆಲೆ ಕೊಡಲು ಸಿದ್ಧನಾದವನು ಆ ಹಣವನ್ನು ಸಾಮಾನ್ಯ ಕಾರಿಗೂ ಒಳ್ಳೆಯ ಚಳಿಗಾಲದ ಟೈರುಗಳಿಗೂ ಹಂಚಿದ್ದರೆ ಹೆಚ್ಚು ಕ್ಷೇಮವಾಗಿ ಇಳಿಯುತ್ತಿದ್ದನು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರುಗಳು ಕಡ್ಡಾಯ. ನಾಲ್ಕು ಚಕ್ರಗಳ ಚಾಲನೆಯಿದೆಯೆಂಬ ಕಾರಣಕ್ಕೆ ಯಾರಿಗೂ ವಿನಾಯಿತಿಯಿಲ್ಲ. ಕ್ಯಾಲಿಫೋರ್ನಿಯದ ಬೆಟ್ಟದ ಹಾದಿಗಳಲ್ಲಿ ಸರಪಳಿ ಕಟ್ಟಬೇಕೆಂಬ ಆಜ್ಞೆಯಿಂದ ಕೆಲವೊಮ್ಮೆ ಇಂಥ ಕಾರುಗಳಿಗೆ ವಿನಾಯಿತಿ ಸಿಗುತ್ತದೆ, ಆದರೆ ನಾಲ್ಕರಲ್ಲಿಯೂ ಹಿಮದ ಟೈರುಗಳಿದ್ದರೆ ಮಾತ್ರ, ಸರಪಳಿಯು ಕಾರಿನಲ್ಲಿದ್ದರೆ ಮಾತ್ರ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿದೆ. 2020ರ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಅಟಲ್ ಸುರಂಗವು ತೆರೆದ ಮೇಲೆ ಚಳಿಗಾಲದಲ್ಲಿ ಮನಾಲಿಯಿಂದ ಆಚೆಗೆ ಹೋಗುವ ಪ್ರವಾಸಿಗಳು ಹೆಚ್ಚಾಗಿದ್ದಾರೆ. ಬೆಂಗಳೂರಿನಿಂದ ತಮ್ಮ ಗಾಡಿಯಲ್ಲಿಯೇ ಹೋಗಿಬರುವ ತರುಣರೂ ಇದ್ದಾರೆ. ಹಿಮ ಬಿದ್ದ ದಿನಗಳಲ್ಲಿ ಪೊಲೀಸರು ಫೋರ್-ಬೈ-ಫೋರ್ ಗಾಡಿಗಳನ್ನು ಮಾತ್ರ ಮುಂದೆ ಬಿಡುವುದುಂಟು. ಹತ್ತುವುದಕ್ಕೆ ಈ ನಿಯಮ ಸರಿ. ಆದರೆ ಹತ್ತಿದ್ದೆಲ್ಲವೂ ಅದೇ ದಿನ ಇಳಿಯಬೇಕು. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಸಾವಿರದಷ್ಟು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದವು. ತಡೆಗಂಬದ ಬಳಿ ಗಾಡಿಯ ಹಿಂಬದಿಯ ಫಲಕವನ್ನು ಓದುವ ಪೊಲೀಸನು ಬಗ್ಗಿ ಟೈರನ್ನೂ ಸರಪಳಿಯನ್ನೂ ನೋಡುವಂತಾಗಬೇಕೆಂದು ನಾವು ಬಯಸುತ್ತೇವೆ.

ಉಪಾಧ್ಯಾಯರಾದ ನಮ್ಮ ಪಾಲೂ ಇದರಲ್ಲಿದೆ. ಘರ್ಷಣ ಗುಣಾಂಕವನ್ನು ಪ್ರಶ್ನೆಪತ್ರಿಕೆಯಲ್ಲಿ ನಾವೇ ಕೊಟ್ಟುಬಿಡುತ್ತೇವೆ. ಅದು ಎಲ್ಲಿಂದ ಬರುತ್ತದೆ, ಯಾವುದರಿಂದ ಬದಲಾಗುತ್ತದೆ, ಅದನ್ನು ಹೆಚ್ಚಿಸಲು ಹಣವನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಕೇಳುವುದಿಲ್ಲ. ಡುಲೂತಿನ ಹುಡುಗನು ಮರುವರ್ಷ ನಾಲ್ಕು ಚಳಿಗಾಲದ ಟೈರುಗಳನ್ನು ಹಾಕಿಸಿದನು. ಹಾಕಿಸುವ ಮೊದಲು ಒಂದು ಬೆಳಗ್ಗೆ, ಹಾಕಿಸಿದ ಮೇಲೆ ಇನ್ನೊಂದು ಬೆಳಗ್ಗೆ, ಖಾಲಿಯಾಗಿದ್ದ ಕಾರು ನಿಲ್ದಾಣದ ಗಟ್ಟಿ ಹಿಮದ ಮೇಲೆ ಗಂಟೆಗೆ 30 ಕಿ.ಮೀ. ವೇಗದಿಂದ ಬ್ರೇಕು ಒತ್ತಿ ದೂರವನ್ನು ಹೆಜ್ಜೆಗಳಿಂದ ಅಳೆದನು. ಮೊದಲು 18 ಮೀಟರ್, ಅನಂತರ 12. ನಾವು ಆ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಗುಣಾಂಕಗಳನ್ನು ಕಂಡುಹಿಡಿಯಿರೆಂದು ತರಗತಿಗೆ ಕೊಟ್ಟೆವು. 0.2 ಮತ್ತು 0.3 ಎಂದು ಬೇಗನೆ ಉತ್ತರ ಬಂದಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದುನಿಂತು, ಎರಡು ಬೆಳಗಿನ ಉಷ್ಣತೆಯೂ ಒಂದೇ ಆಗಿತ್ತೇ ಎಂದು ಕೇಳಿದಳು. ನಾವು ಆ ಪ್ರಶ್ನೆಯನ್ನು ಡುಲೂತಿಗೆ ಕಳುಹಿಸಿದ್ದೇವೆ.